ಮುಳ್ಳು ನೇರ ನಿಂತ ದಿನ

ಜೇನಿನ ವಾಸನೆ ಎಲ್ಲಿಂದ ಬಂತು ಎಂದು ಈಮರ್ ತಲೆಯೆತ್ತಿ ಅಡಿಗೆಮನೆಯನ್ನು ಒಂದು ಸುತ್ತು ನೋಡಿದಳು. ಜೇನಿನ ಸೀಸೆ ಕಪಾಟಿನಲ್ಲಿತ್ತು, ಮುಚ್ಚಳ ಬಿಗಿಯಾಗಿಯೇ ಇತ್ತು. ಒಲೆಯೊಳಗೆ ಇದ್ದದ್ದು ಉರುವಲಿಗೆಂದು ಜೌಗಿನಿಂದ ಕಡಿದ ಎರಡು ಒಣ ಹೆಂಟೆ, ಅವುಗಳ ಮೇಲೆ ಅವಳು ಈಗಷ್ಟೇ ಕೊಡವಿದ ಕೆಲಸದ ಬಟ್ಟೆಯ ಕಸ: ಜೊಂಡಿನ ಸಿಪ್ಪೆ, ದಾರದ ತುಂಡುಗಳು, ಊರಿನ ಮುದುಕ ಬಾರ್ಟ್ಲಿ ನುಡಿಸುವ ಪೈಪುವಾದ್ಯದ ತೂತಿನಿಂದ ಬೆಳಿಗ್ಗೆ ಕೆರೆದು ತೆಗೆದ ಕಪ್ಪು ಕಿಟ್ಟ. ವಾಸನೆ ನಿಧಾನವಾಗಿ ಜೇನನ್ನು ಬಿಟ್ಟು ಬೇರೆಯದಾಯಿತು. ತಣ್ಣನೆಯ ಕಲ್ಲು, ಒದ್ದೆಯಾದ ಉಣ್ಣೆಯ ಕೋಟುಗಳು, ಮಂಡಿಯೂರಿದ ಜನರ ಬೆನ್ನು. ಚರ್ಚು. ಕೊಳೆ ಸುಟ್ಟರೆ ಚರ್ಚಿನ ವಾಸನೆ ಯಾಕೆ ಬರಬೇಕು ಎಂಬ ಪ್ರಶ್ನೆ ಅವಳಿಗೆ ಮೊದಲು ಬರೀ ಕುತೂಹಲವಾಗಿಯೇ ಬಂತು, ಮಗುವಿನ ಕೈಯಲ್ಲಿ ಸಿಕ್ಕ ಒಗಟಿನ ಹಾಗೆ. ಒಲೆಯ ಬಾಗಿಲು ಹಿಡಿದುಕೊಂಡು, ಅದು ಬೆರಳು ಸುಡುವವರೆಗೂ ಹಾಗೆಯೇ ನಿಂತಿದ್ದಳು. ಆಮೇಲೆ ಗೊತ್ತಾಯಿತು. ಅದು ಕೊಳೆಯಲ್ಲ. ಮೇಣ. ಚರ್ಚಿನ ಮೇಣದ ಬತ್ತಿಗೆ ಹಾಕುವ ಜೇನುಮೇಣ. ಯಾರೋ ಬೇಕೆಂದೇ ಆ ತೂತಿನ ಅಂಚಿಗೆ ಹಚ್ಚಿದ್ದು, ಎಷ್ಟೋ ವರ್ಷಗಳ ಬೆರಳ ಬೆವರಿಗೂ ಒಲೆಯ ಹೊಗೆಗೂ ಕಪ್ಪಾಗಿ ಮರದ ಬಣ್ಣವನ್ನೇ ಪಡೆದದ್ದು. ಇಕ್ಕಳ ತೆಗೆದುಕೊಂಡು ಹೆಂಟೆಯನ್ನು ಸರಿಸಿದಳು. ಹೆಂಟೆಯ ಮೇಲೆ ಒಂದು ಚಿಕ್ಕ ಒದ್ದೆ ಕಲೆಯಿತ್ತು. ನೋಡನೋಡುತ್ತ ಅದೂ ಹೊತ್ತಿಕೊಂಡಿತು.

ಬೆಳಿಗ್ಗೆ ಐದೂವರೆಗೆ ಎದ್ದಿದ್ದಳು, ಗಂಡ ಟೈಗ್ ಮೀನಿನ ದೋಣಿಗೆ ಹೋದ ಮೇಲೆ. ಬಾರ್ಟ್ಲಿಯ ಪೈಪಿನ ಸ್ವರದ ಕೊಳವೆಗೆ ಹೊಸ ನಾಲಗೆ ಕೂರಿಸುವ ಕೆಲಸ ಮೂರು ದಿನದಿಂದ ಸಾಗುತ್ತಿತ್ತು. ಜೊಂಡನ್ನು ಸೀಳಿ, ಕೆತ್ತಿ, ಎರಡು ಎಸಳು ಸೇರಿಸಿ ದಾರ ಸುತ್ತಿ, ಅದು ತುಟಿ ಬಿಟ್ಟು ಮಾತಾಡುವವರೆಗೆ ಕಾಯುವುದು. ಅಪ್ಪ ಕಲಿಸಿಕೊಟ್ಟ ಕೆಲಸ. ನಾಲಗೆ ಮಾಡಿಕೊಡು ಎಂದಷ್ಟೇ ಬಾರ್ಟ್ಲಿ ಹೇಳಿದ್ದ. ಕೊಳವೆ ಒರೆಸು ಎಂದು ಹೇಳಿರಲಿಲ್ಲ. ಅದು ಅವಳದೇ ಉತ್ಸಾಹ, ಯಾರದೋ ಮನೆಯ ಕೂಸನ್ನು ಆಡಿಸಲು ಕರೆದುಕೊಂಡು ಬಂದು ಸ್ನಾನ ಮಾಡಿಸಿ ಕಳಿಸುವ ಹಾಗೆ. ಬಟ್ಟೆ ಸುತ್ತಿದ ಕಡ್ಡಿಯಿಂದ ಎಣ್ಣೆ ಹಚ್ಚಿ ಒರೆಸುತ್ತ ಬಂದು ಎಲ್ಲಕ್ಕೂ ಮೇಲಿನ ತೂತಿಗೆ, ಎಡಗೈ ತೋರುಬೆರಳಿನ ತೂತಿಗೆ, ಬಂದಾಗ ಒಳ ಅಂಚಿನಲ್ಲಿ ಒಂದು ಗಟ್ಟಿ ಕಿಟ್ಟ ಸಿಕ್ಕಿತು. ಚಾಕುವಿನ ತುದಿಯಿಂದ ಎಬ್ಬಿಸಿದರೆ ಒಂದೇ ಸಲಕ್ಕೆ ಸುರುಳಿಯಾಗಿ ಎದ್ದು ಬಂತು. ಆ ಕ್ಷಣದ ಸುಖ ಅವಳಿಗೆ ಈಗಲೂ ಬೆರಳಲ್ಲಿ ಇತ್ತು. ಆಮೇಲೆ ಗಾಲ್ವೇಯಿಂದ ತಂದ ಮುಳ್ಳಿನ ಡಬ್ಬಿಯನ್ನು ಮುಂದಿಟ್ಟುಕೊಂಡು, ಗಾಳಿ ತುಂಬುವ ತಿದಿಯನ್ನು ಮೊಣಕೈಗೆ ಕಟ್ಟಿ, ಒಂದೊಂದೇ ಸ್ವರ ಹಿಡಿದು ನೋಡಿದ್ದಳು. ಸ್ವರ ಸರಿಯಿದ್ದರೆ ಡಬ್ಬಿಯ ಮುಳ್ಳು ನಡುವೆ ನಿಲ್ಲುತ್ತದೆ, ಇಲ್ಲದಿದ್ದರೆ ಆಚೆ ಈಚೆ ವಾಲುತ್ತದೆ. ಎಲ್ಲ ಸ್ವರಕ್ಕೂ ನಿಂತಿತು. ಬಾರ್ಟ್ಲಿಯ ಕೊಳವೆಯಲ್ಲಿ ಯಾವ ಕಾಲಕ್ಕೂ ಮೊಂಡುಹಿಡಿದು ಎಡಕ್ಕೆ ವಾಲುತ್ತಿದ್ದ ಏಳನೆಯ ಸ್ವರಕ್ಕೂ ಮುಳ್ಳು ನೇರವಾಗಿ, ಶಾಲೆಯಲ್ಲಿ ಎದ್ದು ನಿಂತ ಜಾಣ ಹುಡುಗಿಯಂತೆ ನಿಂತಿತು. ಅವಳು ನಕ್ಕಿದ್ದಳು. ಅಪ್ಪನಿಗೂ ಆಗದಿದ್ದದ್ದು ತನಗೆ ಆಯಿತು ಎಂದುಕೊಂಡಿದ್ದಳು ಕೂಡ. ಈಗ ಒಲೆಯ ಮುಂದೆ ನಿಂತು ನೆನಪಿಸಿಕೊಂಡರೆ ಆ ನಗುವೇ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರಿಸುತ್ತಿತ್ತು.

ಬಾರ್ಟ್ಲಿ ನಾಲ್ಕು ಗಂಟೆಗೆ ಬರುತ್ತಾನೆ. ಭಾನುವಾರ ಅವನ ತೀರಿಹೋದ ಹೆಂಡತಿ ಸೈವೀನಳ ವರ್ಷದ ಪೂಜೆ. ಚರ್ಚಿನಲ್ಲಿ ಅವಳಿಗಾಗಿ ಒಂದೇ ಒಂದು ರಾಗ ನುಡಿಸುತ್ತಾನೆ, ಕೊಲ್ಲಿಯಲ್ಲಿ ಮುಳುಗಿದವರ ಮೇಲೆ ಕಟ್ಟಿದ ಹಳೆಯ ಹಾಡಿನ ರಾಗ. ಊರಿಗೆಲ್ಲ ಗೊತ್ತಿರುವ ರಾಗ, ಆದರೆ ಊರಿನವರು ಅದನ್ನು ಬಾರ್ಟ್ಲಿಯ ರಾಗ ಎನ್ನುತ್ತಾರೆ. ಯಾಕೆ ಅನ್ನುತ್ತಾರೆ ಎಂದು ಅವಳು ಎಂದೂ ಯೋಚಿಸಿರಲಿಲ್ಲ. ಬೇರೆಯವರೂ ಅದೇ ಸ್ವರಗಳನ್ನು ಅದೇ ಸಾಲಿನಲ್ಲಿ ನುಡಿಸುತ್ತಾರಲ್ಲ.

"ಅಮ್ಮಾ, ಗಂಜಿ ಆರಿಹೋಯ್ತು," ಎಂದು ಮೇಜಿನಿಂದ ಊನಾ ಕೂಗಿದಳು. ಒಂಬತ್ತು ವರ್ಷದ ಮಗಳು, ಎರಡು ದಿನದಿಂದ ಕೆಮ್ಮು, ಶಾಲೆಗೆ ಹೋಗಿರಲಿಲ್ಲ. "ಒಲೆ ಒಳಗೆ ಏನು ನೋಡ್ತಿದೀಯ? ಇಲಿ ಬಿತ್ತಾ?"

"ಏನೂ ಇಲ್ಲ. ತಿನ್ನು."

"ಏನೂ ಇಲ್ದೇ ಇರೋದನ್ನ ಇಷ್ಟೊತ್ತು ನೋಡ್ತಾರಾ?"

ಈಮರ್ ಕೆಲಸದ ಕೋಣೆಗೆ ಹೋಗಿ ಕೊಳವೆಯನ್ನು ಪೈಪಿನ ಗಾಳಿಚೀಲಕ್ಕೆ ಸಿಕ್ಕಿಸಿ ಕೂತಳು. ಶ್ರುತಿಯ ಮೂರು ಕೊಳವೆಗಳನ್ನು ಮೊದಲು ಬಿಟ್ಟಳು. ಅವು ಕೆಳಗೆ ಒಂದೇ ಸಮನೆ, ಎಲ್ಲೂ ಉಸಿರು ತೆಗೆದುಕೊಳ್ಳದೆ, ನೆಲದ ಹಾಗೆ ಹರಡಿಕೊಂಡವು. ಆ ನೆಲದ ಮೇಲೆ ರಾಗವನ್ನು ಇಟ್ಟಳು. ಮೊದಲ ಸಾಲು ಸರಿಯಾಗಿಯೇ ಹೋಯಿತು. ಎರಡನೆಯ ಸಾಲು ಏರಿ, ಏಳನೆಯ ಸ್ವರ ಮುಟ್ಟಿತು. ಅಲ್ಲಿ ಏನೋ ಆಯಿತು. ಏನೂ ಆಗಲಿಲ್ಲ ಎನ್ನಬೇಕು. ಬಾರ್ಟ್ಲಿ ನುಡಿಸುವಾಗ ಅಲ್ಲಿ ಹೊಟ್ಟೆಯೊಳಗೆ ಒಂದು ಮೆಟ್ಟಿಲು ತಪ್ಪಿದಂತೆ ಆಗುತ್ತಿತ್ತು, ಕತ್ತಲಲ್ಲಿ ಇನ್ನೂ ಒಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟ ಹಾಗೆ. ಈಗ ಮೆಟ್ಟಿಲು ಸರಿಯಾದ ಜಾಗದಲ್ಲಿತ್ತು. ರಾಗ ಕೈಬೀಸಿಕೊಂಡು ಏರಿ ಹೋಯಿತು. ಅದು ಚೆನ್ನಾಗಿತ್ತು. ಭಯವಾದದ್ದೇ ಅದಕ್ಕೆ, ಅದು ಬಹಳ ಚೆನ್ನಾಗಿತ್ತು, ಯಾವ ದೇಶದ ಯಾವ ಚರ್ಚಿನಲ್ಲಾದರೂ ನುಡಿಸಬಹುದಿತ್ತು.

ಬಾಗಿಲಲ್ಲಿ ಊನಾ, ಚಮಚ ಬಾಯಲ್ಲಿಟ್ಟುಕೊಂಡು ನಿಂತಿದ್ದಳು. "ಇದು ರೇಡಿಯೋದಲ್ಲಿ ಬರೋ ಥರ ಇದೆ."

"ಅಂದ್ರೆ?"

"ಅಂದ್ರೆ ರೇಡಿಯೋ ಥರ. ಗೊತ್ತಿಲ್ಲ. ಬಾರ್ಟ್ಲಿ ಥರ ಇಲ್ಲ."

ಎರಡು ಬೇಸಿಗೆಯ ಹಿಂದೆ ಒಬ್ಬ ಜರ್ಮನ್ ಬಂದಿದ್ದ, ಉದ್ದನೆಯ ಕಾಲಿನವನು, ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು ಇದೇ ಕೋಣೆಯಲ್ಲಿ ಕೂತಿದ್ದ. ನಿಮ್ಮ ಸಂಗೀತಕ್ಕೆ ಈ ಧ್ವನಿ ಯಾವುದರಿಂದ ಬರುತ್ತದೆ ಎಂದು ಕೇಳಿದ್ದ. ಎರಡು ಸ್ವರ ಕೇಳಿದರೆ ಸಾಕು, ಇದು ನಿಮ್ಮದು ಎಂದು ಪ್ರಪಂಚಕ್ಕೆಲ್ಲ ಗೊತ್ತಾಗುತ್ತದೆ, ಹೇಗೆ? ಈಮರ್‌ಗೆ ಆ ಪ್ರಶ್ನೆ ಯಾರೂ ಹಾಕಿರಲಿಲ್ಲ. ನಾಲಗೆಯಿಂದ ಎಂದಳು, ತಾನು ಮಾಡುವುದು ಅದೇ ಆದ್ದರಿಂದ. ಅವನು ಬರೆದುಕೊಂಡ. ಕೆಳಗೆ ನಿಲ್ಲದೆ ಸಾಗುವ ಶ್ರುತಿಯಿಂದ ಎಂದಳು. ಅದನ್ನೂ ಬರೆದುಕೊಂಡ. ಒಂದೇ ಸ್ವರ ಎರಡು ಸಲ ಬಂದರೆ ನಡುವೆ ಬೆರಳು ಮಿಟುಕಿಸಿ ಬೇರೆ ಮಾಡುತ್ತೇವಲ್ಲ, ಕಣ್ಣು ಮಿಟುಕಿಸಿದ ಹಾಗೆ, ಅದರಿಂದ ಎಂದಳು. ಹಾಡುಗಳಿಂದ, ಹಾಡಿನ ಭಾಷೆ ಎಲ್ಲಿ ಒತ್ತುತ್ತದೋ ಬೆರಳೂ ಅಲ್ಲೇ ಒತ್ತುವುದರಿಂದ ಎಂದಳು. ಅವನು ಬರೆಯುತ್ತಲೇ ಇದ್ದ, ಅವಳಿಗೆ ಮಾತು ಮುಗಿದುಹೋಯಿತು, ಮಳೆಯಿಂದ ಎಂದುಬಿಟ್ಟಳು. ಅವನು 'ಮಳೆ' ಎಂದೂ ಬರೆದುಕೊಂಡ. ಅವನು ಹೋದ ಮೇಲೆ ಟೈಗ್ ಒಂದು ವಾರ ಅವಳನ್ನು ಗೋಳು ಹೊಯ್ದುಕೊಂಡ, ಬಲೆ ಹರಿದರೆ, ಸಾರಿಗೆ ಉಪ್ಪು ಹೆಚ್ಚಾದರೆ, "ಮಳೆಯಿಂದ, ಮಳೆಯಿಂದ" ಎಂದು. ಆದರೆ ಆ ಪ್ರಶ್ನೆ ಅವಳೊಳಗೆ ಉಳಿದುಕೊಂಡಿತ್ತು. ಪಾತ್ರೆ ತೊಳೆಯುವಾಗ, ಹಸುವಿನ ಬೆನ್ನಿಗೆ ಹಣೆ ಒತ್ತಿ ಹಾಲು ಕರೆಯುವಾಗ ಬರುತ್ತಿತ್ತು. ಯಾವುದನ್ನು ತೆಗೆದರೆ ಇದು ನಮ್ಮದಲ್ಲದೆ ಹೋಗುತ್ತದೆ? ಈಗ, ನೋಡಿದರೆ, ತಿಳಿಯದೆ ತೆಗೆದು ನೋಡಿಬಿಟ್ಟಿದ್ದಳು. ಗೋಧಿ ಕಾಳಿನಷ್ಟು ಮೇಣ.

ಅದನ್ನು ಮತ್ತೆ ಹಚ್ಚಿದರಾಯಿತಲ್ಲ ಎಂದು ಮನಸ್ಸು ಹೇಳಿತು. ದಾರಕ್ಕೆ ಉಜ್ಜುವ ಮೇಣದ ಗಟ್ಟಿ ಮೇಜಿನ ಮೇಲೆಯೇ ಇತ್ತು. ಚಿವುಟಿ, ಅಂಗೈಯಲ್ಲಿ ಬೆಚ್ಚಗೆ ಮಾಡಿ, ತೂತಿನ ಅಂಚಿಗೆ ಒತ್ತಿ, ನುಡಿಸಿದಳು. ಸ್ವರ ಕೆಳಗಿಳಿಯಿತು. ಮುಳ್ಳು ಎಡಕ್ಕೆ ವಾಲಿತು. ಆದರೆ ಎಷ್ಟು ವಾಲಬೇಕು? ಇನ್ನೊಂದಿಷ್ಟು ಹಚ್ಚಿದಳು, ಸ್ವರ ಇನ್ನೂ ಕೆಳಗಿಳಿದು ಕೆಳಗಿನ ಸ್ವರದ ಮನೆಯಲ್ಲಿ ಕೂತುಬಿಟ್ಟಿತು. ಕೆರೆದಳು. ಮೇಲೆ ಹೋಯಿತು. ಬಾರ್ಟ್ಲಿಯದು ಈ ಎರಡರ ನಡುವೆ ಎಲ್ಲೋ ಇತ್ತು, ಆದರೆ ನಡುವೆ ಎಂಬುದು ಇಷ್ಟು ವಿಶಾಲವಾದ ಬಯಲು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಡಬ್ಬಿಯ ಗಾಜಿನ ಮೇಲೆ ಅದು ಹೆಬ್ಬೆರಳಿನ ಅಗಲ. ಕಿವಿಯೊಳಗೆ ಅದು ಕೊಲ್ಲಿಯ ಈ ದಡದಿಂದ ಆ ದಡ. ಮೂವತ್ತು ವರ್ಷ ಆ ಸ್ವರ ಕೇಳಿದ್ದಳು. ಮದುವೆಗಳಲ್ಲಿ, ಸಾವಿನ ಮನೆಗಳಲ್ಲಿ, ಅಪ್ಪನ ತೊಡೆಯ ಮೇಲೆ ಕೂತು, ಆಮೇಲೆ ಊನಾ ಹೊಟ್ಟೆಯಲ್ಲಿದ್ದಾಗ. ಈಗ ಬಾ ಎಂದು ಕರೆದರೆ ಬರುತ್ತಿಲ್ಲ. ಸತ್ತವರ ಮುಖವೂ ಹೀಗೆಯೇ. ನೆನಪಿಸಿಕೊಳ್ಳದಿದ್ದಾಗ ಎದುರಿಗೇ ಇರುತ್ತದೆ. ನೆನಪಿಸಿಕೊಳ್ಳಲು ಕೂತರೆ ಫೋಟೋದಲ್ಲಿರುವ ಮುಖವಷ್ಟೇ ಬರುತ್ತದೆ.

ಹನ್ನೊಂದರ ಹೊತ್ತಿಗೆ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದಾಗ ಒಳಕೋಣೆಯಿಂದ ಊನಾ ಗುನುಗುವುದು ಕೇಳಿತು. ಹಾಸಿಗೆಯ ಮೇಲೆ ಬೊಂಬೆಗೆ ಕೋಟು ತೊಡಿಸುತ್ತ, ಮೂಗಿನಲ್ಲಿ, ಕೆಮ್ಮಿನ ನಡುವೆ, ಅದೇ ರಾಗ. ಈಮರ್ ಕೈ ನಿಲ್ಲಿಸಿದಳು. ಎರಡನೆಯ ಸಾಲು ಏರುತ್ತಿತ್ತು. ಏಳನೆಯ ಸ್ವರ ಬಂತು, ಅಲ್ಲೇ, ಬಯಲಿನ ನಡುವೆ, ಯಾರೂ ತೋರಿಸದ ಜಾಗದಲ್ಲಿ, ಮಗು ಅದರ ಮೇಲೆ ಕಾಲಿಟ್ಟು ಹೋಯಿತು. ಹಿಟ್ಟಿನ ಕೈಯಲ್ಲೇ ಓಡಿದಳು.

"ಪುಟ್ಟಾ, ಈಗ ಹಾಡಿದ್ಯಲ್ಲ, ಇನ್ನೊಂದ್ಸಲ ಹಾಡು."

"ಯಾವ್ದು?"

"ಬಾರ್ಟ್ಲೀದು. ಎರಡನೇ ಸಾಲು. ನಿಧಾನವಾಗಿ."

ಊನಾ ನೆಟ್ಟಗೆ ಕೂತಳು, ಗಂಟಲು ಸರಿಮಾಡಿಕೊಂಡಳು, ಟೀಚರ್ ಮುಂದೆ ಹಾಡುವ ಹಾಗೆ ಹಾಡಿದಳು. ಸ್ವರ ನೇರವಾಗಿ ಹೋಗಿ ಮುಳ್ಳಿನ ಜಾಗದಲ್ಲಿ ನಿಂತಿತು.

"ಹಾಗಲ್ಲ. ಆಗ ಹಾಡಿದ ಹಾಗೆ."

"ಹಾಗೇ ಹಾಡಿದ್ನಲ್ಲ!"

"ಇಲ್ಲ ಚಿನ್ನಾ, ಆಗ ಸ್ವಲ್ಪ ಕೆಳಗೆ..."

"ಆಗ ನಾನು ಹಾಡ್ತಾನೇ ಇರ್ಲಿಲ್ಲ ಅಮ್ಮಾ. ಬೊಂಬೆಗೆ ಕೋಟು ಹಾಕ್ತಿದ್ದೆ." ಮಗಳ ಕಣ್ಣಲ್ಲಿ ನೀರು ಬಂತು. "ನಾನು ತಪ್ಪು ಹಾಡಿದ್ನಾ?"

"ಇಲ್ಲ, ಇಲ್ಲ. ತಪ್ಪು ನಂದು." ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಕೂದಲಿಗೆಲ್ಲ ಹಿಟ್ಟಾಯಿತು. ಹಾಗೆ ಒತ್ತಿಕೊಂಡಿರುವಾಗಲೂ ಮನಸ್ಸಿನ ಒಂದು ಮೂಲೆ ಕೇಳುತ್ತಲೇ ಇತ್ತು: ಕೇಳಿದರೆ ಓಡಿಹೋಗುವ ಸ್ವರವೇ ಇದು? ಅಥವಾ ಒಂದೇ ಜಾಗದಲ್ಲಿ ಇರುವುದೇ ಅಲ್ಲವೇ? ಬಾರ್ಟ್ಲಿ ಏರುವಾಗ ಒಂದು ಕಡೆ ಮುಟ್ಟಿ, ಇಳಿಯುವಾಗ ಇನ್ನೊಂದು ಕಡೆ ಮುಟ್ಟುತ್ತಿದ್ದನೇನೋ. ಮೇಣ ಅದಕ್ಕೆ ಮನೆಯಲ್ಲ, ಹೊಸ್ತಿಲು. ಬೆರಳು ಅಲ್ಲಿ ನಿಂತು ಒಳಗೋ ಹೊರಗೋ ವಾಲುತ್ತಿತ್ತು. ಹಾಗಾದರೆ ಅವನ ಬೆರಳಿಲ್ಲದೆ ತಾನೊಬ್ಬಳೇ ಎಷ್ಟು ಹಚ್ಚಿದರೂ ಅಷ್ಟೇ. ಈ ಯೋಚನೆಯಿಂದ ಅವಳಿಗೆ ಒಂದು ಕ್ಷಣ ನಿಜವಾಗಿಯೂ ಸಂತೋಷವಾಯಿತು, ಆ ಜರ್ಮನ್‌ಗೆ ಕಾಗದ ಬರೆಯಬೇಕು ಎನ್ನುವಷ್ಟು. ಆಮೇಲೆ ಅದರ ಅರ್ಥ ಹೊಳೆಯಿತು. ಹೇಳಲೇಬೇಕು. ಅವನಿಗೆ ಹೇಳದೆ ಸರಿಮಾಡುವ ದಾರಿಯಿಲ್ಲ.

ಹೇಳದೇ ಇರುವ ದಾರಿ ಇತ್ತು. ಅದನ್ನೂ ಅವಳು ಬ್ರೆಡ್ಡು ಒಲೆಯೊಳಗೆ ಬೇಯುತ್ತಿದ್ದ ಮುಕ್ಕಾಲು ಗಂಟೆ ತಿರುಗಿಸಿ ಮುರುಗಿಸಿ ನೋಡಿದಳು. ಬಾರ್ಟ್ಲಿಗೆ ಎಪ್ಪತ್ತೆಂಟು. ಹೋದ ವರ್ಷದಿಂದ ಎಡಗಿವಿಗೆ ಯಂತ್ರ. ಅಂಗಡಿಯಲ್ಲಿ ಬೆಣ್ಣೆ ಕೇಳಿದರೆ ಬೆಂಕಿಪೊಟ್ಟಣವೂ ಬೇಕಾ ಎಂದು ಅಂಗಡಿಯವರು ಮೂರು ಸಲ ಕೂಗಬೇಕು. ಅವನಿಗೆ ಗೊತ್ತಾಗದೆಯೂ ಇರಬಹುದು. ಚರ್ಚಿನಲ್ಲಿ ಊರಿನವರಿಗೆ ಏನೋ ಕಡಿಮೆಯಾಯಿತು ಅನ್ನಿಸಬಹುದು. ಪಾಪ, ವಯಸ್ಸಾಯಿತು, ಹೆಂಡತಿ ಹೋದ ಮೇಲೆ ಅವನಲ್ಲಿ ಏನಿದೆ ಅಂದುಕೊಂಡಾರು. ಯಾರೂ ಅವಳ ಕಡೆ ನೋಡುವುದಿಲ್ಲ. ನೋಡುವುದಿಲ್ಲ ಎಂಬುದು ಎಷ್ಟು ಖಚಿತವಾಗಿತ್ತೆಂದರೆ ಅವಳು ಎದ್ದು, ಹಚ್ಚಿದ್ದ ಹೊಸ ಮೇಣವನ್ನು ಪೂರ್ತಿ ತೆಗೆದು, ತೂತನ್ನು ಒರೆಸಿ, ಕೊಳವೆಯನ್ನು ಅದರ ಹಸಿರು ಬಟ್ಟೆಯಲ್ಲಿ ಸುತ್ತಿಟ್ಟಳು. ಯಾಕೆ ಹಾಗೆ ಮಾಡಿದಳೋ. ಅರೆಬರೆ ರಿಪೇರಿ ಕಾಣಬಾರದು ಎಂದಿರಬೇಕು. ಪಾತ್ರೆ ಒಡೆದ ಮಗು ಚೂರುಗಳನ್ನು ಅಂದವಾಗಿ ಜೋಡಿಸಿಡುವ ಹಾಗೆ.

ಅವನು ಮೂರಕ್ಕೇ ಬಂದ. ಅಂಚೆಯ ಗಾಡಿ ಅವನನ್ನು ಗೇಟಿನ ಬಳಿ ಇಳಿಸಿತು.

"ದೇವರು ಈ ಮನೇಲಿರೋರನ್ನೆಲ್ಲ ಕಾಯಲಿ," ಎನ್ನುತ್ತ ಬಾಗಿಲು ದಾಟಿದ. "ಬೇಗ ಬಂದೆ ಅಂತ ಬೈಬೇಡ ಮಗಳೇ. ಅಂಚೆಯವನು ಬಾ ಅಂದ. ನಡೆದು ಬಂದಿದ್ರೆ ನನ್ನ ವರ್ಷದ ಪೂಜೇನೂ ಒಟ್ಟಿಗೇ ಮಾಡಬೇಕಾಗ್ತಿತ್ತು."

"ಬನ್ನಿ, ಕೂತ್ಕೊಳ್ಳಿ. ಟೀ ಹಾಕ್ತೀನಿ."

"ಟೀ ಬೇಡ."

"ಸ್ವಲ್ಪ."

"ಬೇಡ ಬೇಡ, ಈಗಷ್ಟೇ ಕುಡಿದೆ."

"ಅರ್ಧ ಕಪ್ಪು, ಬಾರ್ಟ್ಲಿ."

"ನೀನು ಇಷ್ಟು ಬಲವಂತ ಮಾಡಿದ್ರೆ ಏನು ಮಾಡಕ್ಕಾಗುತ್ತೆ," ಎಂದು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಎರಡು ಕಪ್ಪು ಕುಡಿದ, ಬಿಸಿ ಬ್ರೆಡ್ಡಿನ ಮೇಲೆ ಬೆಣ್ಣೆಯನ್ನು ಗೋಡೆಗೆ ಸುಣ್ಣ ಬಳಿಯುವ ಹಾಗೆ ಬಳಿದು ತಿಂದ. "ಸೈವೀನ್ ಇದ್ದಿದ್ರೆ ಇಷ್ಟು ಬೆಣ್ಣೆ ಸಿಗ್ತಿರ್ಲಿಲ್ಲ. ಸತ್ತವರಿಂದ ಒಂದೊಂದು ಲಾಭಾನೂ ಇರುತ್ತೆ." ನಕ್ಕ. ನಗು ಮುಗಿದ ಮೇಲೂ ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು. "ಕೊಡು ನೋಡೋಣ."

ಈಗ ಹೇಳಬೇಕು ಎಂದುಕೊಳ್ಳುತ್ತ ಈಮರ್ ಹಸಿರು ಬಟ್ಟೆ ಬಿಚ್ಚಿ ಕೊಟ್ಟಳು. ತಿದಿಯ ಪಟ್ಟಿಯನ್ನು ಅವನ ತೋಳಿಗೆ ಕಟ್ಟುವಾಗ ಹೇಳಬೇಕು ಎಂದುಕೊಂಡಳು. ಅವನ ತೋಳು ಎಷ್ಟು ತೆಳ್ಳಗಾಗಿತ್ತು ಎಂದರೆ ಪಟ್ಟಿಗೆ ಹೊಸ ತೂತು ಹಾಕಿದ್ದ. ಅವನು ಕಣ್ಣು ಮುಚ್ಚಿದ. ಶ್ರುತಿ ಎದ್ದಿತು. ಮೊದಲ ಸಾಲಿನಲ್ಲಿ ಹೊಸ ನಾಲಗೆಗೆ ತಲೆದೂಗಿದ, ಒಳ್ಳೆಯ ಕುದುರೆಯ ಕುತ್ತಿಗೆ ತಟ್ಟುವವನಂತೆ. ಎರಡನೆಯ ಸಾಲು. ತೋರುಬೆರಳು ಎದ್ದಿತು.

ನಿಲ್ಲಿಸಿದ. ಬೆರಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಕೊಡವಿ, ಮತ್ತೆ ಮೊದಲಿನಿಂದ ನುಡಿಸಿದ. ಮತ್ತೆ ಅಲ್ಲೇ ನಿಲ್ಲಿಸಿದ. ಕಿವಿಯ ಯಂತ್ರ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಊದಿ, ಸಿಕ್ಕಿಸಿಕೊಂಡ. ಮೂರನೆಯ ಸಲ ಆ ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು, ತಲೆಯನ್ನು ಆ ಕಡೆ ಈ ಕಡೆ ವಾಲಿಸುತ್ತ ಕೇಳಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸ್ವಂತ ಮನೆಯ ಬಾಗಿಲಲ್ಲಿ ನಿಂತು ಇದು ಯಾರ ಮನೆ ಎಂದು ಕೇಳುವವನ ಸಂಕೋಚ ಇತ್ತು. ಶ್ರುತಿಯ ಉಸಿರು ಇಳಿಯುತ್ತ ನಿಂತುಹೋಯಿತು.

"ನಾಲಗೆ ಚೆನ್ನಾಗಿದೆ ಮಗಳೇ," ಎಂದ. "ನಿಮ್ಮಪ್ಪನೂ ಇಂಥದ್ದು ಮಾಡ್ಲಿಲ್ಲ. ಕೆಟ್ಟಿರೋದು ನಾನು."

"ಬಾರ್ಟ್ಲಿ..."

"ಡಾಕ್ಟ್ರು ಹೇಳಿದ್ರು. ಕಿವೀಲಿ ಮೊದಲು ಹೋಗೋದು ಸೂಕ್ಷ್ಮವಾದದ್ದೇ ಅಂತ. ನಾನೇನು, ಹಕ್ಕಿ ಕೂಗೋದು ಹೋಗುತ್ತೆ ಅಂದ್ಕೊಂಡೆ. ಹೋಗ್ಲಿ ಅಂದೆ. ಇದೇ ಹೋಗುತ್ತೆ ಅಂತ ಯಾರು ಹೇಳಿದ್ರು?" ಬೆರಳುಗಳನ್ನು ಮಡಿಚಿ ಬಿಚ್ಚಿದ. "ಭಾನುವಾರ ಬೇಡ. ಪಾದ್ರಿಗೆ ಹೇಳ್ತೀನಿ, ಮೇಳದ ಹುಡುಗೀರು ಏನಾದ್ರೂ ಹಾಡ್ಲಿ. ಈ ಪೈಪು ಇಲ್ಲೇ ಇರ್ಲಿ. ನಿನ್ನ ಮಗಳು ಕಲಿತರೆ ಕಲೀಲಿ."

ಈಮರ್‌ಗೆ ತನ್ನೊಳಗೆ ಏನೋ ಸಡಿಲವಾದದ್ದು ಗೊತ್ತಾಯಿತು. ಬಿಗಿಯಾಗಿ ಕಟ್ಟಿದ ಗಂಟು ತಾನಾಗಿ ಬಿಚ್ಚಿಕೊಂಡ ಹಾಗೆ, ಹಾಯೆನಿಸುವ ಹಾಗೆ. ಅವನೇ ತಪ್ಪನ್ನು ತೆಗೆದುಕೊಂಡು ಬಿಟ್ಟಿದ್ದ. ಬೆಣ್ಣೆ ಹಚ್ಚಿ ತಿಂದು ಮುಗಿಸಿದ್ದ. ಅವಳು ಏನೂ ಮಾಡಬೇಕಾಗಿರಲಿಲ್ಲ, ಅಯ್ಯೋ ಹಾಗನ್ನಬೇಡಿ ಎಂದರೆ ಸಾಕಿತ್ತು. ಆ ಹಾಯನ್ನು ಅವಳು ಬೆರಗಿನಿಂದ ನೋಡಿದಳು, ಇದೂ ತನ್ನೊಳಗೆ ಇತ್ತೇ ಎಂದು. ಎಷ್ಟು ದಿನದಿಂದ ಇತ್ತೋ. ಇದನ್ನು ಇನ್ನು ಒಂದು ನಿಮಿಷ ಹೀಗೇ ಬಿಟ್ಟರೆ ಇದೂ ಆ ಮೇಣದ ಹಾಗೆ ಮರದ ಬಣ್ಣ ಪಡೆದುಬಿಡುತ್ತದೆ, ಆಮೇಲೆ ಯಾರಿಗೂ, ತನಗೂ, ಕಾಣುವುದಿಲ್ಲ.

"ನಿಮ್ಮ ಕಿವಿ ಅಲ್ಲ," ಎಂದಳು. ದನಿ ಸಣ್ಣದಾಯಿತು. ಅವನಿಗೆ ಕೇಳಿಸಲಿಲ್ಲ. ಇಂಥ ಮಾತನ್ನು ಕೂಗಿ ಹೇಳಬೇಕಾಗಿ ಬಂದದ್ದೇ ಶಿಕ್ಷೆ. "ನಿಮ್ಮ ಕಿವಿ ಅಲ್ಲ ಬಾರ್ಟ್ಲಿ! ನಾನು! ಮೇಲಿನ ತೂತಲ್ಲಿ ಮೇಣ ಇತ್ತು. ಕೊಳಕು ಅಂದ್ಕೊಂಡು ಕೆರೆದು ತೆಗೆದುಬಿಟ್ಟೆ."

ಒಳಕೋಣೆಯಲ್ಲಿ ಊನಾಳ ಆಟದ ಸದ್ದು ನಿಂತಿತು.

"ಏನು ತೆಗೆದೆ?"

"ಮೇಣ!"

"ನನ್ನ ಕಿವಿ ಅಲ್ವಾ?"

"ಅಲ್ಲ."

"ಬೆರಳೂ ಅಲ್ವಾ?"

"ನಿಮ್ಮದು ಯಾವುದೂ ಅಲ್ಲ. ನನ್ನದೇ. ನೀವು ನಾಲಗೆ ಅಷ್ಟೇ ಕೇಳಿದ್ರಿ..."

ಬಾರ್ಟ್ಲಿ ಅವಳನ್ನೇ ನೋಡಿದ. ಅವನ ಭುಜ ಕುಲುಕತೊಡಗಿದಾಗ ಅಳುತ್ತಿದ್ದಾನೆ ಎಂದುಕೊಂಡಳು. ಆಮೇಲೆ ನೋಡಿದರೆ ನಗುತ್ತಿದ್ದ. ಕೆಮ್ಮು ಬರುವವರೆಗೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ದೇವರು ನಿನ್ನ ಕಾಯಲಿ ತಾಯಿ! ನೀನು ಹಾಳು ಮಾಡಿದ್ಯಾ! ನಾನು ಇಲ್ಲಿ ಕೂತ್ಕೊಂಡು ಮನಸ್ಸಲ್ಲೇ ನನ್ನ ಶವದ ಪೆಟ್ಟಿಗೆಗೆ ಅಳತೆ ತೊಗೊಳ್ತಿದ್ದೆ." ಮೇಲೆ ನೋಡಿ, "ಕೇಳ್ದ್ಯಾ ಸೈವೀನ್? ನಿನ್ನ ಮೇಣನ ಕೊಳಕು ಅಂತಾಳೆ ಇವಳು," ಎಂದ.

"ಸೈವೀನ್ ಹಚ್ಚಿದ್ದಾ?"

"ಮತ್ಯಾರು? ಕೊಡಿಲ್ಲಿ ಅದನ್ನ. ಎಲ್ಲಿದೆ?"

ಈಮರ್ ಒಲೆಯ ಕಡೆ ನೋಡಿದಳು. ಅವನೂ ನೋಡಿದ. ನಗು ಹಾಗೆಯೇ ಮುಖದ ಮೇಲೆ ನಿಂತು, ಒಂದೊಂದೇ ಗೆರೆಯಾಗಿ ಇಳಿಯಿತು. ಕ್ಷಮಿಸಿ ಎಂಬ ಮಾತು ಅವಳ ಬಾಯಲ್ಲಿ ಇತ್ತು, ಆದರೆ ಅದನ್ನು ಕೊಟ್ಟು ಏನನ್ನೋ ವಾಪಸ್ಸು ಕೇಳಿದಂತಾಗುತ್ತದೆ ಅನ್ನಿಸಿ ಸುಮ್ಮನಿದ್ದಳು.

"ಮದುವೆಯಾದ ಮೊದಲನೇ ವರ್ಷ," ಎಂದ ಕೊನೆಗೆ. "ನಾನು ಇಡೀ ದಿನ ಇದನ್ನೇ ನುಡಿಸ್ಕೊಂಡು ಕೂತಿರ್ತಿದ್ದೆ. ಅವಳಿಗೆ ಹಾಡು ಬರ್ತಿರ್ಲಿಲ್ಲ, ನಿಂಗೊತ್ತಲ್ಲ, ಚರ್ಚಲ್ಲಿ ಬಾಯಿ ಆಡಿಸ್ತಿದ್ಲು ಅಷ್ಟೆ. ಅಡಿಗೆಮನೆಯಿಂದ ಕೂಗ್ತಿದ್ಲು, ಆ ಒಂದು ಸ್ವರ ಕಿರಿಚುತ್ತೆ, ಅದಕ್ಕೇನಾದ್ರೂ ಮಾಡು ಅಂತ. ನಿನಗೇನು ಗೊತ್ತು ಅಂದೆ ನಾನು. ಒಂದಿನ ಬಂದ್ಲು ನೋಡು, ಕೈಯೆಲ್ಲ ಆಲೂಗಡ್ಡೆ ನೀರು, ಪಾದ್ರಿ ಮಂತ್ರಿಸಿ ಕೊಟ್ಟ ಮೇಣದ ಬತ್ತಿ ಮುರ್ಕೊಂಡು. ನನ್ನ ಕೈಯಿಂದ ಕಿತ್ಕೊಂಡು ಬಡಿದ್ಲು ತೂತಿಗೆ. ಈಗ ನುಡಿಸು ಅಂದ್ಲು. ನುಡಿಸಿದೆ. ಸರಿ, ಇನ್ನು ಇಬ್ರೂ ಒಂದೇ ಮನೇಲಿರಬಹುದು ಅಂದ್ಲು." ಕೊಳವೆಯ ಮೇಲೆ ಹೆಬ್ಬೆರಳು ಆಡಿಸಿದ. "ಆಮೇಲೆ ಊರೂರಿಂದ ಬಂದ್ರು. ಆ ಸ್ವರ ಹೇಗೆ ತರ್ತೀರಾ, ಹಳೇ ಕಾಲದ್ದಾ, ನಿಮ್ಮಜ್ಜ ಹೇಳಿಕೊಟ್ರಾ ಅಂತ. ಹೌದು, ಅಜ್ಜ ಅಂತಿದ್ದೆ. ಹೆಂಡತಿ ಬೈದು ಹಚ್ಚಿದ್ಲು ಅನ್ನಕ್ಕಾಗುತ್ತಾ?"

"ಎಷ್ಟು ಹಚ್ಚಿದ್ರು?"

"ನನಗೇನು ಗೊತ್ತು? ನಾನು ನೋಡ್ಲೇ ಇಲ್ಲ. ಅವಳು ಹಚ್ಚಿದ್ಲು, ನಾನು ನುಡಿಸಿದೆ."

ಈಮರ್ ಮೇಣದ ಗಟ್ಟಿ ತಂದಳು. ಚಿವುಟಿ ಕೊಟ್ಟಳು. ಕೈ ಅಭ್ಯಾಸಬಲದಿಂದ ಮುಳ್ಳಿನ ಡಬ್ಬಿಯ ಕಡೆ ಹೋಗಿ, ವಾಪಸ್ಸು ಬಂತು. ಬಾರ್ಟ್ಲಿ ಮೇಣವನ್ನು ಒತ್ತಿ ನುಡಿಸಿದ, ತಲೆಯಾಡಿಸಿದ, ಇನ್ನೊಂದಿಷ್ಟು ಒತ್ತಿದ. ಮತ್ತೆ ನುಡಿಸಿದ. ಬೇಸರದಿಂದ ತುಟಿ ಚಾಚಿದ.

"ನುಡಿಸೋನಿಗೆ ಇದು ಗೊತ್ತಾಗಲ್ಲ," ಎಂದ. "ಎಲ್ಲಾ ಸರಿ ಅನ್ಸುತ್ತೆ, ಎಲ್ಲಾ ತಪ್ಪು ಅನ್ಸುತ್ತೆ. ನೀನು ಹೋಗು, ಅಡಿಗೆಮನೇಲಿ ನಿನ್ನ ಕೆಲಸ ಮಾಡ್ಕೋ."

"ನಾನಾ? ನಾನು ಇಷ್ಟೊತ್ತು ಕೂತು ಕೇಳಿದೀನಿ, ನನಗೆ..."

"ಕೂತು ಕೇಳ್ಬೇಡ. ಕೆಲಸ ಮಾಡು. ಅವಳೇನು ಕೂತು ಕೇಳ್ತಿದ್ಲಾ? ರಾತ್ರಿಗೇನು ಮಾಡ್ತೀಯ?"

"ಆಲೂಗಡ್ಡೆ. ಮೀನು."

"ಹೋಗಿ ಸಿಪ್ಪೆ ತೆಗಿ ಮತ್ತೆ."

ಅವಳು ಹೋಗಿ ಬೋಗುಣಿ ತುಂಬ ನೀರು ಹಿಡಿದು, ಅವನಿಗೆ ಬೆನ್ನು ಮಾಡಿ ನಿಂತು ಸಿಪ್ಪೆ ತೆಗೆಯತೊಡಗಿದಳು. ಆಲೂಗಡ್ಡೆಗಳ ಕಣ್ಣುಗಳಲ್ಲಿ ಕೆಂಪು ಮಣ್ಣು ಕೂತಿತ್ತು. ಹಿಂದಿನಿಂದ ರಾಗ ಬಂತು, ಶ್ರುತಿಯ ಮೇಲೆ ಹತ್ತಿ, ಎರಡನೆಯ ಸಾಲಿಗೆ ಏರಿತು. ಭುಜದ ನಡುವೆ ಯಾರೋ ಉಗುರಿನಿಂದ ಗೀರಿದ ಹಾಗಾಯಿತು.

"ಕಿರಿಚುತ್ತೆ," ಎಂದು ತಿರುಗದೆ ಕೂಗಿದಳು. ಹಾಗೆ ಕೂಗಿದ್ದು ತಾನೇ ಎಂದು ಅವಳಿಗೇ ಆಶ್ಚರ್ಯವಾಯಿತು.

ಮತ್ತೆ ರಾಗ.

"ಈಗ ಅಳುತ್ತೆ," ಎಂದು ಒಳಕೋಣೆಯಿಂದ ಊನಾ ಕೂಗಿದಳು. "ನೆಗಡಿ ಆಗಿರೋರ ಥರ."

"ನಿನ್ನನ್ನ ಕೇಳ್ದೋರು ಯಾರೇ?" ಎಂದು ಬಾರ್ಟ್ಲಿ ರೇಗಿದ. ಆದರೆ ಉಗುರಿನಿಂದ ಸ್ವಲ್ಪ ಮೇಣ ತೆಗೆದದ್ದು ಈಮರ್‌ಗೆ ಅವನ ಉಸಿರಿನ ಸದ್ದಿನಿಂದಲೇ ತಿಳಿಯಿತು.

ಮತ್ತೆ, ಮತ್ತೆ. ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ನೀರಿಗೆ ಬೀಳುತ್ತಿತ್ತು. ಟೈಗ್ ಬರುವ ಹೊತ್ತಾಯಿತು, ಮೀನಿಗೆ ಉಪ್ಪು ಹಚ್ಚಬೇಕು, ಮಗುವಿಗೆ ಔಷಧಿ ಕೊಡಬೇಕು, ಹಸು ಕೂಗುತ್ತಿದೆ, ಎಷ್ಟು ಆಲೂಗಡ್ಡೆಯಾಯಿತು, ಬಾರ್ಟ್ಲಿಯೂ ಊಟಕ್ಕೆ ನಿಂತರೆ ಇನ್ನು ಎರಡು ಬೇಕು ಎಂದು ಚೀಲಕ್ಕೆ ಕೈಹಾಕಿದಾಗ ಅವಳ ಕೈ ಚೀಲದೊಳಗೇ ನಿಂತಿತು. ಕಾಲಕೆಳಗಿನ ನೆಲ ಅರ್ಧ ಬೆರಳಿನಷ್ಟು ತಗ್ಗಿ, ಮತ್ತೆ ಬಂದಿತ್ತು.

"ಈಗ," ಎಂದಳು.

ಪೈಪು ನಿಂತಿತು. "ಖಾತ್ರೀನಾ?"

ಅವಳು ಯೋಚಿಸಿದಳು. ಯೋಚಿಸಿದೊಡನೆ ಅದು ಹೋಗಿಬಿಟ್ಟಿತು.

"ಇಲ್ಲ."

"ಸೈವೀನ್‌ಗೂ ಖಾತ್ರಿ ಇರ್ಲಿಲ್ಲ," ಎಂದು ಬಾರ್ಟ್ಲಿ ಮೇಣವನ್ನು ಇದ್ದ ಹಾಗೇ ಬಿಟ್ಟು ಅದರ ಮೇಲಿಂದ ಹೆಬ್ಬೆರಳು ತೆಗೆದ.